ಅಪ್ಪಣೆಯನ್ನು ನಡಿಸಿದವನ ಪಾಲು

ಕಳೆದ ಸುಗ್ಗಿಯ ದಿವಸಗಳಲ್ಲಿ ನಾನು ಒಂದು ಚಿಕ್ಕ ಸಭೆಯನ್ನು ಸಂದರ್ಶಿಸಲು ಹೋಗಿದ್ದೆನು. ಸಾಯಂಕಾಲದ ಪ್ರಾರ್ಥನೆ ತೀರಿದ ಮೇಲೆ ಜನರು ಕೂಡಲೆ ಏಳದೆ ದೀಪದ ಸುತ್ತಲೂ ಕೂತು ಮಾತಾಡುತ್ತಿದ್ದರು. ಶಾಲೆಗೆ ಹೋಗುವ ಒಬ್ಬ ಹುಡುಗನು ತನ್ನ ಚರಿತ್ರೆಯ ಪುಸ್ತಕದಲ್ಲಿದ್ದ ಹಿಟ್ಲರನ ಚಿತ್ರವನ್ನು ತೋರಿಸಿ, ಈ ಒಬ್ಬ ಮನುಷ್ಯನು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದನಂತೆ ಎಂದು ಹೇಳಿದನು. ಆಗ ಸಭೆಯ ಹಿರಿಯರಾದ ಒಬ್ಬ ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಪದೇಶಿಗಳೇ, ಅವನಿಗೂ ನಮ್ಮ ಹಾಗೆ ಎರಡೇ ಕೈಗಳಲ್ಲವೋ? ಎರಡು ಕೈಗಳಿಂದ ಒಬ್ಬನು ದಿನಕ್ಕೆ ಎಷ್ಟು ಜೋಳ ಕೊಯ್ದಾನು? ಉಳಿದ ಕೈಗಳು ಯಾರವು?" ಎಂದು ಕೇಳಿದರು.

ಅವನ ಸೇವಕರೂ ಸಿಪಾಯಿಗಳೂ ಗುಮಾಸ್ತರೂ ಅವನ ಅಪ್ಪಣೆಯ ಮೇರೆಗೆ ನಡೆದರೆಂದು ನಾನು ಉತ್ತರ ಕೊಟ್ಟೆನು. ಅದಕ್ಕೆ ಅವರು, "ಹಾಗಾದರೆ ಅಪ್ಪಣೆ ನಡಿಸಿದವನಿಗೆ ಪಾಪವುಂಟೋ ಇಲ್ಲವೋ? ಅಧಿಕಾರಿಗಳಿಗೆ ಒಳಗಾಗಿರಬೇಕೆಂದು ನೀವೇ ನಮಗೆ ಕಲಿಸಿದ್ದೀರಲ್ಲಾ" ಅಂದರು. ಸೆಮಿನೇರಿಯಲ್ಲಿ ನಾನು ಕಲಿತ ಉತ್ತರಗಳು ಒಂದೊಂದಾಗಿ ಮನಸ್ಸಿಗೆ ಬಂದವು. ಆದರೆ ಆ ಮುದುಕರ ಮುಖವನ್ನು ನೋಡಿದಾಗ ಅವುಗಳಲ್ಲಿ ಒಂದನ್ನಾದರೂ ಹೇಳುವ ಧೈರ್ಯ ನನಗೆ ಬರಲಿಲ್ಲ. ಇನ್ನೊಮ್ಮೆ ಹೇಳುವೆನೆಂದು ಬಿಟ್ಟುಬಂದೆನು. ಆ ಸಾಲವನ್ನು ಈ ಪುಟಗಳಲ್ಲಿ ತೀರಿಸಲು ಪ್ರಯತ್ನಪಡುತ್ತೇನೆ.

ಮೊದಲು ಸಂಗತಿಯು ಹೇಗೆ ನಡೆಯಿತೆಂಬದನ್ನು ತಿಳಿಯಬೇಕು. 1918 ರಲ್ಲಿ ಮುಗಿದ ಮಹಾಯುದ್ಧದಲ್ಲಿ ಜರ್ಮನಿಯು ಸೋತಿತು. ಮರುವರುಷ ವೆರ್ಸಾಯ್ ಎಂಬಲ್ಲಿ ಆದ ಒಡಂಬಡಿಕೆಯಿಂದ ಅದರ ಮೇಲೆ ದೊಡ್ಡ ದಂಡವು ಬಿತ್ತು. 1923 ರಲ್ಲಿ ಆ ದೇಶದ ಹಣಕ್ಕೆ ಬೆಲೆಯೇ ಇಲ್ಲದೆ ಹೋಯಿತು. ಜೀವಮಾನವೆಲ್ಲಾ ಕೂಡಿಟ್ಟ ಹಣದಿಂದ ಒಂದು ರೊಟ್ಟಿಯನ್ನು ಕೊಳ್ಳುವದಕ್ಕಾಗದೆ ಮುದುಕರು ಅತ್ತರು. 1932 ರಲ್ಲಿ ಸುಮಾರು 60 ಲಕ್ಷ ಜನರಿಗೆ ಕೆಲಸವಿರಲಿಲ್ಲ. ಹಿಟ್ಲರನ ಪಕ್ಷಕ್ಕೆ 1928 ರಲ್ಲಿ ನೂರರಲ್ಲಿ ಮೂರು ಮತಗಳು ಸಹ ಸಿಕ್ಕಿರಲಿಲ್ಲ. 1932 ರ ಜುಲೈ ತಿಂಗಳಿನಲ್ಲಿ ನೂರಕ್ಕೆ ಮೂವತ್ತೇಳು ಸಿಕ್ಕಿದವು. ಹಸಿದವನು ತನಗೆ ಅನ್ನ ಕೊಡುವೆನೆಂದವನ ಕುಲಗೋತ್ರವನ್ನು ವಿಚಾರಿಸುವದಿಲ್ಲ. ಇದನ್ನು ಬರಗಾಲ ಕಂಡ ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಹಸಿವೆಯೊಂದೇ ಅವನನ್ನು ಸಿಂಹಾಸನಕ್ಕೆ ಏರಿಸಿತೆಂದು ಹೇಳಿದರೆ ಸುಳ್ಳಾಗುವದು. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಯೋತಾಮನು ಬೆಟ್ಟದ ಮೇಲೆ ನಿಂತು ಹೇಳಿದ ಸಾಮ್ಯವು ನಿಮಗೆ ಗೊತ್ತುಂಟು. ಮರಗಳು ತಮಗೆ ಅರಸನು ಬೇಕೆಂದು ಹೋದವು. ಎಣ್ಣೇಮರವೂ ಅಂಜೂರವೂ ದ್ರಾಕ್ಷೇಬಳ್ಳಿಯೂ ತಂತಮ್ಮ ಕೆಲಸದ ನೆವ ಹೇಳಿ ಒಲ್ಲೆವೆಂದವು, ಮುಳ್ಳುಪೊದೆಯು ಒಪ್ಪಿತು. ಜರ್ಮನಿಯ ದೊಡ್ಡ ಮನುಷ್ಯರು ಈ ಮರಗಳಿಗಿಂತಲೂ ಬುದ್ಧಿವಂತರೆಂದು ತಮ್ಮನ್ನು ಎಣಿಸಿಕೊಂಡರು. ಮುಳ್ಳನ್ನು ತಂದು ತಮ್ಮ ಹೊಲದ ಬೇಲಿಯಾಗಿ ಇಟ್ಟುಕೊಳ್ಳೋಣವೆಂದು ನೆನಸಿದರು. 1933 ರ ಜನವರಿ 30 ರಂದು ಹಿಟ್ಲರನು ಮುಖ್ಯಮಂತ್ರಿಯಾದಾಗ ಮಂತ್ರಿಮಂಡಲದಲ್ಲಿ ಅವನನ್ನು ಕೂಡಿಸಿ ಅವನ ಪಕ್ಷದವರು ಮೂವರೇ ಇದ್ದರು; ಉಳಿದವರು ತಾವು ಅವನನ್ನು ಹಗ್ಗ ಕಟ್ಟಿ ನಡಿಸುವೆವೆಂದು ನಂಬಿದರು. ಎರಡು ತಿಂಗಳು ತುಂಬುವದರೊಳಗೆ, ಮಾರ್ಚ್ 23 ರಂದು, ಪಾರ್ಲಿಮೆಂಟು ಕಾನೂನು ಮಾಡುವ ತನ್ನ ಅಧಿಕಾರವನ್ನು ತಾನೇ ಅವನ ಕೈಗೆ ಒಪ್ಪಿಸಿಬಿಟ್ಟಿತು. ಕೋಣೆಯೊಳಗೆ ಕಂದು ಅಂಗಿಯ ದಂಡಾಳುಗಳು ನಿಂತಿದ್ದರು. ಕಮ್ಯುನಿಸ್ಟರ ಪ್ರತಿನಿಧಿಗಳು ಸೆರೆಯಲ್ಲಿದ್ದರು, ಇಲ್ಲವೆ ಓಡಿಹೋಗಿದ್ದರು. ಪಕ್ಷದಲ್ಲಿ 444 ಮತಗಳು, ವಿರೋಧವಾಗಿ 94. ಆ 94 ಜನರೂ ಸಮಾಜವಾದಿಗಳು. ದೇವರ ಹೆಸರನ್ನು ಹೆಚ್ಚಾಗಿ ಹೇಳುತ್ತಿದ್ದ ಪಕ್ಷಗಳವರು 444 ರಲ್ಲಿ ಸೇರಿದರೆಂಬದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಇಟಲಿಯಲ್ಲಿ ಇದು ಹತ್ತು ವರುಷಗಳ ಮೊದಲೇ ನಡೆದಿತ್ತು. 1922 ರ ಅಕ್ಟೋಬರದಲ್ಲಿ ಮುಸೊಲಿನಿಯ ಕಪ್ಪಂಗಿಯವರು ರೋಮಾಪುರಕ್ಕೆ ನಡೆದುಬರುವಾಗ, ಅವರನ್ನು ತಡೆಯುವದಕ್ಕೆ ಮಂತ್ರಿಗಳು ಸಿದ್ಧಮಾಡಿದ ಆಜ್ಞಾಪತ್ರಕ್ಕೆ ಅರಸನು ರುಜು ಹಾಕಲೊಲ್ಲದೆ ಹೋದನು. ಅಲ್ಲಿಯ ಒಂದು ಚಿಕ್ಕ ಸಂಗತಿಯನ್ನು ಹೇಳುತ್ತೇನೆ. 1931 ರಲ್ಲಿ ವಿಶ್ವವಿದ್ಯಾಲಯಗಳ ಪಂಡಿತರೆಲ್ಲರೂ ಆ ಪಕ್ಷದ ಆಳಿಕೆಗೆ ನಂಬಿಗಸ್ತರಾಗಿರುವೆವೆಂದು ಆಣೆ ಇಡಬೇಕೆಂದು ಅಪ್ಪಣೆಯಾಯಿತು. ಸುಮಾರು 1200 ಮಂದಿ ಪಂಡಿತರಲ್ಲಿ ಒಲ್ಲೆವೆಂದವರು ಹನ್ನೆರಡರ ಆಸುಪಾಸು ಜನ. ಉಳಿದವರೆಲ್ಲಾ ದುಷ್ಟರೋ? ಅಲ್ಲ. ಮನೆ, ಮಕ್ಕಳು, ಪುಸ್ತಕಗಳು, ಸಂಬಳ, ಇವೆಲ್ಲಾ ಇದ್ದ ಸಾಧಾರಣ ಮನುಷ್ಯರು. ಒಂದು ರುಜುವಿನಿಂದ ಆಗುವದೇನು ಅಂದುಕೊಂಡರು.

ರುಜು ಮತ್ತು ಆಣೆ, ಈ ಎರಡನ್ನು ಸರ್ವಾಧಿಕಾರಿಗಳು ಬಹಳವಾಗಿ ಪ್ರೀತಿಸುತ್ತಾರೆ. 1934 ರ ಆಗಸ್ಟ್ 2 ರಂದು ಮುದಿ ಅಧ್ಯಕ್ಷನಾದ ಹಿಂಡೆನ್‌ಬರ್ಗನು ತೀರಿಕೊಂಡನು. ಅದೇ ದಿನ ಜರ್ಮನಿಯ ಸೈನ್ಯದವರೆಲ್ಲರೂ ದೇಶಕ್ಕಲ್ಲ, ಕಾನೂನಿಗಲ್ಲ, ಹಿಟ್ಲರನೆಂಬ ಒಬ್ಬ ಮನುಷ್ಯನಿಗೆ ಹೆಸರು ಹಿಡಿದು, ಯಾವ ಶರತ್ತೂ ಇಲ್ಲದ ವಿಧೇಯತೆಯ ಆಣೆ ಇಟ್ಟರು; ಅದೂ ದೇವರನ್ನು ಸಾಕ್ಷಿಯಾಗಿ ಕರೆದು. ಮುಂದೆ ಅವನ ಕೆಲಸಗಳನ್ನು ನೋಡಿ ಹೇಸಿಕೊಂಡ ಸೇನಾಪತಿಗಳು ಸಹ, ನಾವು ಆಣೆ ಇಟ್ಟಿದ್ದೇವಲ್ಲಾ ಎಂದು ಹೇಳಿ ಕೈಕಟ್ಟಿ ಕುಳಿತರು. ಹೆರೋದನು ಕುಣಿದ ಹುಡುಗಿಯ ಮುಂದೆ ಇಟ್ಟ ಆಣೆಗಾಗಿ ಯೋಹಾನನ ತಲೆಯನ್ನು ಕೊಟ್ಟದ್ದು ಈ ಸೇನಾಪತಿಗಳಿಗೆ ಜ್ಞಾಪಕಕ್ಕೆ ಬಂದಿತೋ ಇಲ್ಲವೋ! ಕೆಟ್ಟ ಆಣೆಯನ್ನು ಇಡುವದು ಒಂದು ಪಾಪ, ಅದನ್ನು ನಡಿಸುವದು ಎರಡನೆಯದು.

ಇನ್ನು ಸಭೆಯ ವಿಷಯ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13 ನೆಯ ಅಧ್ಯಾಯವನ್ನು ಆ ದೇಶದ ಬೋಧಕರು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಅಧಿಕಾರವು ದೇವರಿಂದ ಬಂತು, ಹಿಟ್ಲರನಿಗೆ ಅಧಿಕಾರವುಂಟು, ಆದಕಾರಣ ಹಿಟ್ಲರನು ದೇವರಿಂದ ಬಂದವನು. ಹೀಗೆ ಮೂರು ಮೆಟ್ಟಿಲುಗಳಲ್ಲಿ ಅನೇಕರು ಇಳಿದು ಹೋದರು. 1933 ರ ಜುಲೈಯಲ್ಲಿ ನಡೆದ ಸಭೆಯ ಚುನಾವಣೆಗಳಲ್ಲಿ ಅವನ ಪಕ್ಷದ ಕ್ರೈಸ್ತರೇ ಬಹು ಕಡೆಗಳಲ್ಲಿ ಗೆದ್ದರು. ಸಪ್ಟೆಂಬರದಲ್ಲಿ ಪ್ರಷ್ಯದ ಸಭಾಕೂಟವು, ಯೆಹೂದ್ಯ ವಂಶದಲ್ಲಿ ಹುಟ್ಟಿದವನು ಬೋಧಕನಾಗಿರಕೂಡದೆಂದು ನಿರ್ಣಯಿಸಿತು. ಪ್ರಿಯರೇ, ಇದನ್ನು ನಿಧಾನವಾಗಿ ಓದಿರಿ. ದೀಕ್ಷಾಸ್ನಾನವಾಗಿದೆ, ವಾಕ್ಯಸೇವೆಗಾಗಿ ಹಸ್ತಾರ್ಪಣವಾಗಿದೆ. ಆದರೆ ಅಜ್ಜನು ಯಾವ ಕುಲದವನೆಂದು ಕೇಳಿ ಪ್ರಸಂಗಪೀಠದಿಂದ ಇಳಿಸಿದರು! ಕುಲದ ನಿಮಿತ್ತ ಬಾವಿಯ ಕಟ್ಟೆಯನ್ನು ಮುಟ್ಟಗೊಡದೆ ಹೊಡೆಯಲ್ಪಟ್ಟವರ ಮಕ್ಕಳಾದ ನಮ್ಮಲ್ಲಿ ಅನೇಕರಿಗೆ ಇದರ ಅರ್ಥವು ಬೇರೆಯವರಿಗಿಂತ ಬೇಗನೆ ಆಗುವದು.

ಆಗ ಎಲ್ಲರೂ ಸುಮ್ಮನಿರಲಿಲ್ಲ. ಬೆರ್ಲಿನ್ ಪಟ್ಟಣದ ಬೋಧಕರಾದ ಮಾರ್ಟಿನ್ ನೀಮೊಲರರು ಕರೆದ ಸಂಘಕ್ಕೆ ಆ ವರುಷದ ಕೊನೆಯೊಳಗೆ ಸುಮಾರು 6000 ಬೋಧಕರು ಸೇರಿದರು. 1934 ರ ಮೇ ತಿಂಗಳ ಕೊನೆಯಲ್ಲಿ ಬಾರ್ಮೆನ್ ಎಂಬ ಊರಲ್ಲಿ ಕೂಡಿದ ಸಭೆಗಳ ಪ್ರತಿನಿಧಿಗಳು, ಯೇಸು ಕ್ರಿಸ್ತನ ಹೊರತು ಬೇರೊಬ್ಬ ಒಡೆಯನ ಮಾತನ್ನು ದೇವರ ಮಾತೆಂದು ಸಭೆಯು ಒಪ್ಪಲಾರದೆಂದು ಎಲ್ಲರಿಗೂ ತಿಳಿಯುವಂತೆ ಅರಿಕೆಮಾಡಿದರು. ಅದನ್ನು ಬರೆದವರಲ್ಲಿ ಮುಖ್ಯರು ಕಾರ್ಲ್ ಬಾರ್ಟ್ ಎಂಬ ಪಂಡಿತರು. ಹಿಟ್ಲರನಿಗೆ ಆಣೆ ಇಡುವಾಗ, ಸುವಾರ್ತಾ ಸಭೆಯ ಕ್ರೈಸ್ತನಾಗಿ ನನ್ನಿಂದಾಗುವಷ್ಟರ ಮಟ್ಟಿಗೆ ಎಂದು ಸೇರಿಸಲು ಅಪ್ಪಣೆ ಕೇಳಿದ್ದಕ್ಕಾಗಿ ಬಾನ್ ಪಟ್ಟಣದಲ್ಲಿ ಅವರಿಗಿದ್ದ ಉದ್ಯೋಗವು ಹೋಯಿತು. 1935 ರಲ್ಲಿ ಅವರು ತಮ್ಮ ಹುಟ್ಟೂರಾದ ಬಾಸೆಲಿಗೆ ಹಿಂತಿರುಗಿದರು. 1834 ರಲ್ಲಿ ಮಂಗಳೂರಿಗೆ ಬಂದ ನಮ್ಮ ಮೊದಲಿನ ಮಿಶನೆರಿಗಳನ್ನು ಕಳುಹಿಸಿದ ಊರು ಅದೇ. ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು: ಬಾರ್ಮೆನಿನ ಆ ಒಳ್ಳೇ ಅರಿಕೆಯಲ್ಲಿ ಹೊರಗೆ ಬೀದಿಯಲ್ಲಿ ಹೊಡೆಸಿಕೊಳ್ಳುತ್ತಿದ್ದ ಯೆಹೂದ್ಯರ ವಿಷಯವಾಗಿ ಒಂದು ಮಾತೂ ಇಲ್ಲ. ಸಭೆಯು ತನ್ನ ಗೋಡೆಯನ್ನು ಕಾಯ್ದುಕೊಂಡಿತು. ಗೋಡೆಯ ಆಚೆ ಬಿದ್ದಿದ್ದವನನ್ನು ನೋಡಲಿಲ್ಲ.

1938 ರಲ್ಲಿ ಬೋಧಕರು ಸಹ ಹಿಟ್ಲರನಿಗೆ ಆಣೆ ಇಡಬೇಕೆಂದು ಸಭೆಯ ಕಚೇರಿಯಿಂದಲೇ ಅಪ್ಪಣೆ ಹೊರಟಿತು. ಅವನ ಹುಟ್ಟುಹಬ್ಬಕ್ಕೆ ಅದು ಒಂದು ಕಾಣಿಕೆ. ಬಹು ಜನರು ಪ್ರಾರ್ಥಿಸಿ, ವಾದಿಸಿ, ಅತ್ತು, ಕಡೆಗೆ ಆಣೆ ಇಟ್ಟರು. ಆ ಬೇಸಿಗೆ ಮುಗಿಯುವದರೊಳಗೆ ಹಿಟ್ಲರನ ಪಕ್ಷದ ಬೋರ್ಮನ್ ಎಂಬವನು ತನ್ನವರಿಗೆ ಬರೆದ ಕಾಗದವು ಹೊರಬಿತ್ತು. ಈ ಆಣೆಯು ಸಭೆಯವರು ತಾವಾಗಿಯೇ ಮಾಡಿಕೊಂಡದ್ದು, ನಾಯಕನಿಗೆ ಅದು ಲೆಕ್ಕಕ್ಕಿಲ್ಲ ಎಂಬದು ಅದರ ತಾತ್ಪರ್ಯ. ಕೇಳದವನಿಗೆ ಆತ್ಮವನ್ನು ಹೊತ್ತುಕೊಂಡು ಹೋಗಿ ಕೊಟ್ಟ ಹಾಗಾಯಿತು.

ಹಾಗಾದರೆ ಪೌಲನ ಮಾತೇನಾಯಿತು? ನಾನು ತಿಳಿದ ಮಟ್ಟಿಗೆ ಹೇಳುತ್ತೇನೆ. ಅಧಿಕಾರಿಯು ಒಳ್ಳೆಯದನ್ನು ಮಾಡಿಸುವದಕ್ಕೆ ದೇವರ ಸೇವಕನೆಂದು ಪೌಲನು ಬರೆದನು. ಸೇವಕನೆಂದ ಮೇಲೆ ಅವನ ಮೇಲೆ ಒಬ್ಬ ಯಜಮಾನನಿದ್ದಾನೆ. ಯಜಮಾನನ ಹೊಲವನ್ನು ಸುಡು ಎಂದು ಗುಮಾಸ್ತನು ಹೇಳಿದರೆ ಆಳು ಸುಡಬೇಕೋ? ತೆರಿಗೆ ಕೊಡು ಅಂದರೆ ಕೊಡಬೇಕು, ಅದು ಭಾರವಾದರೂ ಕೊಡಬೇಕು. ನೆರೆಯವನನ್ನು ಕೊಲ್ಲು ಅಂದರೆ ಆ ಮಾತಿಗೆ ಮೇಲಿನ ಮುದ್ರೆ ಇಲ್ಲ. ಇನ್ನೊಂದು ಸಂಗತಿ: ಪತ್ರಿಕೆಯ 13 ನೆಯ ಅಧ್ಯಾಯವನ್ನು ಓದುವವನು ಪ್ರಕಟನೆಯ ಪುಸ್ತಕದಲ್ಲಿಯೂ ಅದೇ ಅಂಕೆಯ ಅಧ್ಯಾಯವನ್ನು ಓದಲಿ. ಅಲ್ಲಿ ಅಧಿಕಾರವು ಸಮುದ್ರದಿಂದ ಏರಿಬರುವ ಮೃಗವಾಗಿ ಕಾಣಿಸುತ್ತದೆ. ಎರಡೂ ಒಂದೇ ರೋಮಾರಾಜ್ಯದ ಆಳಿಕೆಯ ಕೆಳಗಿದ್ದ ಸಭೆಗಳಿಗೆ ಬರೆದವು. ಜರ್ಮನಿಯ ಪ್ರಸಂಗಗಳಲ್ಲಿ ಮೊದಲನೆಯದು ಬಹಳ ಕೇಳಬಂತು, ಎರಡನೆಯದು ಸ್ವಲ್ಪವೇ.

ನಾಬೋತನ ದ್ರಾಕ್ಷೇತೋಟದ ಕಥೆಯನ್ನು ಹೇಳುವಾಗ ನಾವು ಯಾವಾಗಲೂ ಅಹಾಬನನ್ನೂ ಈಜೆಬೆಲಳನ್ನೂ ಬಯ್ಯುತ್ತೇವೆ. ನಾಬೋತನನ್ನು ಅವರಿಬ್ಬರೂ ಮುಟ್ಟಲೇ ಇಲ್ಲ. ಅವಳು ಒಂದು ಕಾಗದ ಬರೆದಳು, ಅರಸನ ಮುದ್ರೆ ಹಾಕಿದಳು, ಅಷ್ಟೇ. ಉಪವಾಸ ಸಾರಿದವರು, ಸುಳ್ಳುಸಾಕ್ಷಿಗಳನ್ನು ಕೂಡ್ರಿಸಿದವರು, ಊರ ಹೊರಗೆ ಕರಕೊಂಡು ಹೋಗಿ ಕಲ್ಲೆಸೆದವರು ಯಾರು? ನಾಬೋತನ ಊರಿನ ಹಿರಿಯರು. ಅವನ ಸಂಗಡ ಚಾವಡಿಯಲ್ಲಿ ಕೂತವರು, ಅವನ ಮನೆಯ ಮದುವೆಯಲ್ಲಿ ಉಂಡಿರಬಹುದಾದವರು. ಅವರಲ್ಲಿ ಒಬ್ಬನಾದರೂ ಆ ಕಾಗದವನ್ನು ಓದಿ, ಇದು ನನ್ನಿಂದಾಗದು ಎಂದು ಹೇಳಿದನೆಂದು ಬರೆದಿಲ್ಲ. ಮುದುಕರು ನನ್ನನ್ನು ಕೇಳಿದ ಉಳಿದ ಕೈಗಳು ಇವೇ.

ಆದರೆ ಒಲ್ಲೆ ಎಂದವನಿಗೆ ಏನಾಗುತ್ತದೆ? ಜರ್ಮನಿಯ ಹುನ್ಸ್‌ರುಕ್ ಎಂಬ ಗುಡ್ಡಸೀಮೆಯಲ್ಲಿ ಡಿಕನ್‌ಶೀಡ್ ಎಂಬ ಸಣ್ಣ ಹಳ್ಳಿಯುಂಟು. ಅಲ್ಲಿ ಪೌಲ್ ಶ್ನೈಡರ್ ಎಂಬವರು ಬೋಧಕರಾಗಿದ್ದರು. ಹೆಂಡತಿ, ಆರು ಮಕ್ಕಳು. 1934 ರಲ್ಲಿ ಒಬ್ಬ ಹುಡುಗನನ್ನು ಹೂಣಿಡುವಾಗ ಪಕ್ಷದ ಮುಖಂಡನು ಸಮಾಧಿಯ ಬಳಿ ನಿಂತು, ಇವನು ನಮ್ಮ ಪಕ್ಷದ ವೀರನ ಸ್ವರ್ಗದ ದಂಡಿಗೆ ಸೇರಿದನೆಂದು ಹೇಳಿದನು. ಶ್ನೈಡರರು ಅಲ್ಲಿಯೇ, ಸ್ವರ್ಗದಲ್ಲಿ ಅಂಥಾ ದಂಡಿಲ್ಲವೆಂದು ತಡೆದರು. ಅಲ್ಲಿಂದ ಸೆರೆಮನೆಯ ದಾರಿ ಆರಂಭವಾಯಿತು. 1937 ರಲ್ಲಿ ಆ ಸೀಮೆಯನ್ನು ಬಿಟ್ಟುಹೋಗಬೇಕೆಂದು ಅವರಿಗೆ ಅಪ್ಪಣೆಯಾಯಿತು. ಅವರು ಅಕ್ಟೋಬರದಲ್ಲಿ ಸುಗ್ಗಿಯ ಸ್ತೋತ್ರದ ಹಬ್ಬಕ್ಕೆ ತಮ್ಮ ಸಭೆಗೆ ತಿರಿಗಿ ಬಂದರು, ಆರಾಧನೆ ನಡಿಸಿದರು, ಹಿಡಿಯಲ್ಪಟ್ಟರು. ಬೂಕನ್‌ವಾಲ್ಡ್ ಎಂಬ ಸೆರೆಪಾಳ್ಯದಲ್ಲಿ ಹಿಟ್ಲರನ ಹುಟ್ಟುಹಬ್ಬದ ದಿನ ಎಲ್ಲಾ ಸೆರೆಯವರೂ ಟೊಪ್ಪಿಗೆ ತೆಗೆದಾಗ ಅವರೊಬ್ಬರು ತೆಗೆಯಲಿಲ್ಲ. ಅದಕ್ಕಾಗಿ ಹೊಡೆದು ಒಂಟಿಯಾಗಿ ಕತ್ತಲೆ ಕೋಣೆಗೆ ಹಾಕಿದರು. ಅದರ ಕಿಟಕಿಯಿಂದ ಅವರು ಅಂಗಳದಲ್ಲಿ ನಿಂತ ಸೆರೆಯವರಿಗೆ ದೇವರ ಮಾತನ್ನು ಕೂಗಿ ಹೇಳುತ್ತಿದ್ದರು. ಇನ್ನು ಆ ಸಭೆಗೆ ಹೋಗುವದಿಲ್ಲವೆಂದು ಒಂದು ರುಜು ಹಾಕಿದ್ದರೆ ಬಿಡುಗಡೆಯಿತ್ತು. ಹಾಕಲಿಲ್ಲ. 1939 ರ ಜುಲೈ 18 ರಂದು ಅವರನ್ನು ವಿಷದ ಸೂಜಿಯಿಂದ ಕೊಂದರು. ವಯಸ್ಸು 41. ಈ ಪುಟವನ್ನು ಬರೆಯುವವನ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ.

ಎರಡನೆಯವನು ನಮ್ಮ ಸಭೆಯವನಲ್ಲ, ರೋಮನ್ ಕಥೋಲಿಕನು; ಆದರೆ ನಿಮ್ಮ ಹಾಗೆ ಹೊಲ ಉಳುವವನು. ಆಸ್ಟ್ರಿಯ ದೇಶದ ರಾಡೆಗುಂಡ್ ಎಂಬ ಹಳ್ಳಿಯ ಫ್ರಾನ್ಸ್ ಯೇಗರ್‌ಸ್ಟೆಟರ್. 1938 ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯವು ಆ ದೇಶವನ್ನು ನುಂಗಿದ ಮೇಲೆ, ಏಪ್ರಿಲ್ 10 ರಂದು, ಇದಕ್ಕೆ ಒಪ್ಪುತ್ತೀರೋ ಎಂದು ಜನರನ್ನು ಕೇಳಿದರು. ಆ ಊರಿನಲ್ಲಿ ಇಲ್ಲವೆಂದು ಬರೆದವನು ಅವನೊಬ್ಬನೇ. ಊರಿನ ಅಧಿಕಾರಿಗಳು ಆ ಚೀಟಿಯನ್ನು ಲೆಕ್ಕಕ್ಕೆ ಸೇರಿಸದೆ ಎಲ್ಲರೂ ಒಪ್ಪಿದರೆಂದು ಮೇಲಕ್ಕೆ ಬರೆದು ಕಳುಹಿಸಿದರು. ಯುದ್ಧಕ್ಕೆ ಕರೆ ಬಂದಾಗ ಅವನು ಈ ಅನ್ಯಾಯದ ಕಾಳಗದಲ್ಲಿ ಆಯುಧ ಹಿಡಿಯೆನೆಂದನು. ಮೂವರು ಚಿಕ್ಕ ಹೆಣ್ಣುಮಕ್ಕಳಿದ್ದಾರೆ, ಅವರನ್ನು ನೆನಸು ಎಂದು ಅವನ ಪಾದ್ರಿಯೂ ಬಿಷಪರೂ ಬುದ್ಧಿ ಹೇಳಿದರು. ಅವನು ಕೇಳಲಿಲ್ಲ. 1943 ರ ಆಗಸ್ಟ್ 9 ರಂದು ಅವನ ತಲೆ ಹೊಡೆದರು. ಯುದ್ಧ ಮುಗಿದ ಮೇಲೆಯೂ ಊರಿನವರು ಬಹಳ ಕಾಲ ಅವನನ್ನು ಹೆಂಡತಿಮಕ್ಕಳನ್ನು ಅನಾಥರಾಗಿ ಮಾಡಿದವನೆಂದೇ ಎಣಿಸಿದರು. ಇದನ್ನು ಸುಲಭವಾಗಿ ತಳ್ಳಿಬಿಡಬಾರದು. ನಮ್ಮ ಸಭೆಯಲ್ಲಿ ಅಂಥವನೊಬ್ಬನು ಎದ್ದರೆ ನಾನು ಉಪದೇಶಿಯಾಗಿ ಅವನಿಗೆ ಏನು ಹೇಳುತ್ತಿದ್ದೆನು? ಆ ಬಿಷಪರು ಹೇಳಿದ್ದನ್ನೇ ಹೇಳುತ್ತಿದ್ದೆನೋ ಏನೋ ಎಂಬ ಭಯ ನನಗುಂಟು.

ಹಾಗಾದರೆ ಅಪ್ಪಣೆ ಮೀರಿದವರೆಲ್ಲರೂ ಸತ್ತರೋ? ಇಲ್ಲ, ಮತ್ತು ಇದೇ ನಮ್ಮ ಮನಸ್ಸಾಕ್ಷಿಯನ್ನು ಹೆಚ್ಚು ಚುಚ್ಚತಕ್ಕದ್ದು. 1942 ರ ಜುಲೈ 13 ರಂದು ಪೋಲೆಂಡಿನ ಯೂಜೆಫೂಫ್ ಎಂಬ ಊರಲ್ಲಿ ಒಂದು ಜರ್ಮನ್ ಪೊಲೀಸ್ ದಳಕ್ಕೆ ಯೆಹೂದ್ಯರ ಹೆಂಗಸರನ್ನೂ ಮಕ್ಕಳನ್ನೂ ಗುಂಡಿಕ್ಕಿ ಕೊಲ್ಲುವ ಅಪ್ಪಣೆ ಬಂತು. ದಳದ ಸರದಾರನು ಕಣ್ಣೀರು ತುಂಬಿದವನಾಗಿ, ವಯಸ್ಸಾದವರಲ್ಲಿ ಯಾರಿಗೆ ಈ ಕೆಲಸ ಆಗದೋ ಅವರು ಸಾಲಿನಿಂದ ಹೊರಗೆ ಬರಬಹುದೆಂದು ತಾನೇ ಹೇಳಿದನು. ಬಂದವರಿಗೆ ಶಿಕ್ಷೆಯೂ ಆಗಲಿಲ್ಲ. ಸುಮಾರು 500 ಜನರಲ್ಲಿ ಆ ಗಳಿಗೆಯಲ್ಲಿ ಹೊರಗೆ ಬಂದವರು ಹನ್ನೆರಡು ಜನ. ಪುನಃ ಹನ್ನೆರಡು! ಈ ಅಂಕೆಯ ಮೇಲೆ ಪ್ರಸಂಗ ಕಟ್ಟುವ ಆಶೆ ನನಗಿಲ್ಲ. ಉಳಿದವರನ್ನು ಹಿಡಿದು ನಿಲ್ಲಿಸಿದ್ದು ಮರಣಭಯವಲ್ಲ. ಜೊತೆಯವರು ಹೇಡಿಯೆಂದಾರು ಎಂಬ ನಾಚಿಕೆ, ನಾನು ಬಿಟ್ಟರೆ ನನ್ನ ಪಾಲಿನ ಕೆಲಸ ಇನ್ನೊಬ್ಬನ ಮೇಲೆ ಬೀಳುವದೆಂಬ ಸಂಕೋಚ, ಇಂಥಾ ಸಣ್ಣ ಮಾತುಗಳು. ಐಗುಪ್ತದ ಸೂಲಗಿತ್ತಿಯರಾದ ಶಿಪ್ರಾ ಪೂಗಾ ಎಂಬ ಇಬ್ಬರು ಹೆಂಗಸರು ಫರೋಹನ ಅಪ್ಪಣೆಯನ್ನು ಹೊತ್ತುಕೊಂಡು ಹೋಗಿಯೂ ಮಕ್ಕಳನ್ನು ಬದುಕಗೊಟ್ಟರು. ಅವರಿಗೆ ಸೆಮಿನೇರಿಯ ಓದಿರಲಿಲ್ಲ.

ಮನುಷ್ಯರಿಗೆ ಹೇಳಿದ್ದು ರಾಜ್ಯಗಳಿಗೂ ಸಲ್ಲುತ್ತದೆ. 1935 ರ ಅಕ್ಟೋಬರ್ 3 ರಂದು ಮುಸೊಲಿನಿಯ ದಂಡು ಯುದ್ಧವನ್ನು ಸಾರದೆ ಅಬಿಸ್ಸೀನಿಯ ದೇಶಕ್ಕೆ ನುಗ್ಗಿತು. ಜನಾಂಗಗಳ ಸಂಘವು ಇಟಲಿಯದೇ ತಪ್ಪೆಂದು ತೀರ್ಪು ಹೇಳಿ ಕೆಲವು ವಸ್ತುಗಳ ವ್ಯಾಪಾರವನ್ನು ನಿಲ್ಲಿಸಿತು. ಆದರೆ ವಿಮಾನಗಳಿಗೂ ಲಾರಿಗಳಿಗೂ ಬೇಕಾದ ಎಣ್ಣೆಯನ್ನು ನಿಲ್ಲಿಸಲಿಲ್ಲ. ಸುಯೆಜ್ ಕಾಲುವೆಯನ್ನು ಮುಚ್ಚಲಿಲ್ಲ. ಸುಂಕ ಕೊಟ್ಟು ದಂಡಿನ ಹಡಗುಗಳು ದಾಟಿದವು. ಆ ವಿಮಾನಗಳು, ಇಟಲಿಯು ತಾನೇ ರುಜು ಹಾಕಿ ಬಳಸೆನೆಂದ ವಿಷಗಾಳಿಯನ್ನು ಬರಿಗಾಲಿನ ಜನರ ಮೇಲೆ ಸುರಿದವು. 1936 ರ ಜೂನ್ 30 ರಂದು ದೇಶಭ್ರಷ್ಟನಾದ ಅರಸ ಹೈಲೆ ಸೆಲಾಸ್ಸಿಯು ಜಿನೇವಕ್ಕೆ ಬಂದು ಸಂಘದ ಮುಂದೆ ತನ್ನ ಜನರ ಗೋಳನ್ನು ಹೇಳುವದಕ್ಕೆ ನಿಂತಾಗ ಇಟಲಿಯ ಪತ್ರಿಕೆಯವರು ಸಿಳ್ಳು ಹಾಕಿದರು. ಜುಲೈ ತಿಂಗಳಿನಲ್ಲಿ ನಿಲ್ಲಿಸಿದ್ದ ವ್ಯಾಪಾರವೂ ಪುನಃ ಆರಂಭವಾಯಿತು. ಬಯ್ಯುವ ಬಾಯಿ ಒಂದು ಕಡೆ, ಎಣ್ಣೆ ಮಾರುವ ಕೈ ಒಂದು ಕಡೆ. ಇದನ್ನೆಲ್ಲಾ ಹಿಟ್ಲರನು ನೋಡುತ್ತಿದ್ದನು.

ಯುದ್ಧ ಮುಗಿದ ಮೇಲೆ 1945 ರಲ್ಲಿ ನ್ಯೂರೆನ್‌ಬರ್ಗ್ ಪಟ್ಟಣದಲ್ಲಿ ನ್ಯಾಯಸಭೆ ಕೂಡಿದಾಗ, ಮೇಲಿನವರ ಅಪ್ಪಣೆ ಇತ್ತೆಂಬದು ಅಪರಾಧಿಯನ್ನು ಬಿಡಿಸಲಾರದು, ಶಿಕ್ಷೆಯನ್ನು ಕಡಿಮೆ ಮಾಡುವದಕ್ಕೆ ಮಾತ್ರ ಅದನ್ನು ಲೆಕ್ಕಕ್ಕೆ ತಕ್ಕೊಳ್ಳಬಹುದು ಎಂದು ಅದರ ನಿಬಂಧನೆಯ 8 ನೆಯ ಕಲಮಿನಲ್ಲಿ ಬರೆದಿತ್ತು. ಲೋಕದ ನ್ಯಾಯಾಧಿಪತಿಗಳೇ ಅಷ್ಟು ಹೇಳಿದ ಮೇಲೆ ನಾನು ಆ ಮುದುಕರಿಗೆ ಅದಕ್ಕಿಂತ ಕಡಿಮೆ ಹೇಳಲಾರೆನು. ಪಾಪವುಂಟು. ಅಪ್ಪಣೆ ಕೊಟ್ಟವನ ಪಾಲು ಅವನದು; ನಡಿಸಿದವನ ಪಾಲು ಇವನದು. ಒಂದರಿಂದ ಇನ್ನೊಂದು ಕಳೆದುಹೋಗುವದಿಲ್ಲ.

ನೀಮೊಲರರು 1937 ರ ಜುಲೈ 1 ರಂದು ಸೆರೆಯಾಗಿ, 1945 ರ ವರೆಗೆ ಸೆರೆಪಾಳ್ಯಗಳಲ್ಲಿದ್ದರು. ಬಿಡುಗಡೆಯಾದ ಮೇಲೆ ಹೆಂಡತಿಯ ಸಂಗಡ ಡಾಖಾವ್ ಸೆರೆಪಾಳ್ಯವನ್ನು ನೋಡಲು ಹೋದಾಗ, 1933 ರಿಂದ 1945 ರ ವರೆಗೆ ಇಲ್ಲಿ ಸುಡಲ್ಪಟ್ಟವರು ಇಷ್ಟು ಜನ ಎಂದು ಒಂದು ಹಲಗೆಯ ಮೇಲೆ ಬರೆದಿತ್ತಂತೆ. ಜನರ ಲೆಕ್ಕಕ್ಕಿಂತಲೂ ವರುಷಗಳ ಲೆಕ್ಕವೇ ತನ್ನನ್ನು ಹೆಚ್ಚಾಗಿ ನಡುಗಿಸಿತೆಂದು ಅವರು ಅನೇಕ ಸಭೆಗಳಲ್ಲಿ ತಾವೇ ಹೇಳಿದರು. 1937 ರಿಂದ ಈಚೆಗೆ ನಾನೆಲ್ಲಿದ್ದೆನೆಂದು ದೇವರು ಕೇಳಿದರೆ ಉತ್ತರವುಂಟು. 1933 ರಿಂದ 1937 ರ ವರೆಗೆ ಎಲ್ಲಿದ್ದಿ ಎಂದರೆ ಏನು ಹೇಳಲಿ? ಅವರು ಮೊದಲು ಹಿಟ್ಲರನ ಪಕ್ಷಕ್ಕೇ ಮತ ಕೊಟ್ಟವರು. 1945 ರ ಅಕ್ಟೋಬರದಲ್ಲಿ ಸ್ಟುಟ್‌ಗಾರ್ಟಿನಲ್ಲಿ ಜರ್ಮನಿಯ ಸಭೆಯ ಹಿರಿಯರು ತಮ್ಮ ಅಪರಾಧವನ್ನು ಒಪ್ಪಿಕೊಂಡು ಬರೆದ ಪತ್ರಕ್ಕೆ ಅವರೂ ರುಜು ಹಾಕಿದರು. ಆ ಪತ್ರಕ್ಕಾಗಿ ಸ್ವಂತ ಸಭೆಗಳವರೇ ಅವರನ್ನು ಬಹಳವಾಗಿ ನಿಂದಿಸಿದರು.

ಇಷ್ಟು ಬರೆದ ಮೇಲೆ ನನ್ನದನ್ನು ಮುಚ್ಚಿಡುವದು ಸರಿಯಲ್ಲ. ಇಪ್ಪತ್ತು ವರುಷಗಳ ಕೆಳಗೆ ನಾನು ಒಂದು ಶಾಲೆಯಲ್ಲಿ ಕಿರಿಯ ಮಾಸ್ತರನಾಗಿದ್ದೆನು. ಮಕ್ಕಳ ಸಂಖ್ಯೆ ಕಡಿಮೆಯಾದರೆ ಹಣ ನಿಲ್ಲುವದೆಂದು, ಬಾರದ ಮಕ್ಕಳ ಹೆಸರಿನ ಮುಂದೆಯೂ ಹಾಜರಿ ಹಾಕಿರೆಂದು ಮೇಲಿನವರು ನಮ್ಮಿಬ್ಬರು ಮಾಸ್ತರರಿಗೆ ಹೇಳಿದರು. ನಾನು ಹಾಕಿದೆನು. ಆ ಹೊತ್ತು ಊಟವೂ ರುಚಿಯಾಗಿಯೇ ಇತ್ತು. ನನ್ನ ಸಂಗಡಿಗರಾದ ಹಿರಿಯ ಮಾಸ್ತರರು ಲೇಖನಿಯನ್ನು ಮೇಜಿನ ಮೇಲಿಟ್ಟು, ಇದು ನನ್ನಿಂದ ಆಗದು ಸ್ವಾಮೀ ಎಂದು ಮೆಲ್ಲಗೆ ಹೇಳಿದರು. ತಿಂಗಳೊಳಗೆ ಅವರನ್ನು ದೂರದ ಊರಿಗೆ ಕಳುಹಿಸಿದರು. ಗಾಡಿಗೆ ಅವರ ಪೆಟ್ಟಿಗೆಯನ್ನು ಹೊರಿಸಿದವನು ನಾನೇ. ಆಗ ಅವರ ಮುಖವನ್ನು ನೋಡಲಿಲ್ಲ. ಅವರು ಈಗ ಕೆಲಸದಿಂದ ನಿವೃತ್ತರಾಗಿ ಮಗಳ ಮನೆಯಲ್ಲಿ ಇದ್ದಾರೆಂದು ಕೇಳಿದ್ದೇನೆ. ಆ ಹಳ್ಳಿಯು ನಮ್ಮ ಮುದುಕರ ಊರಿನಿಂದ ಎರಡು ಹರದಾರಿ. ಬರುವ ತಿಂಗಳು ಆ ಸಭೆಯ ಸಂದರ್ಶನಕ್ಕೆ ಹೋಗುವಾಗ ಮೊದಲು ಅವರ ಮನೆಗೆ ಹೋಗಬೇಕೆಂದಿದ್ದೇನೆ.